ಗಾಜು ಬಿಚ್ಚಿ, ಆಮೇಲೆ ಬಣ್ಣ ಹೊಡೆಯಿರಿ

ದಸರಾ ಬಂತು ಅಂದರೆ ನಮ್ಮ ಶಿವಮೊಗ್ಗದ ಗ್ಯಾರೇಜುಗಳಿಗೆ ಸುಗ್ಗಿ. ಆಯುಧ ಪೂಜೆಯ ದಿನ ಗಾಡಿ ಮದುಮಗನ ಹಾಗೆ ಕಾಣಬೇಕು. ಬೂದುಗುಂಬಳ ಒಡೆಯುವ ಹೊತ್ತಿಗೆ ಬಣ್ಣ ಫಳಫಳ ಅನ್ನಬೇಕು. ಆದರೆ ಮಾಲೀಕ ಮಹಾಶಯರು ಗಾಡಿ ತಂದು ಬಿಡುವುದು ಯಾವಾಗ? ಹಬ್ಬಕ್ಕೆ ನಾಲ್ಕೇ ದಿನ ಇರುವಾಗ! "ಹೆಂಗಾದರೂ ಮಾಡಿ ಹಬ್ಬದ ಹಿಂದಿನ ದಿನ ಕೊಟ್ಟುಬಿಡಪ್ಪಾ" ಅನ್ನುತ್ತಾರೆ. ಪೇಂಟರ್ ಏನು ಮಾಡಿಯಾನು? ಮುಂದಿನ ಗ್ಲಾಸಿನ ಸುತ್ತ ಟೇಪು ಹಚ್ಚುತ್ತಾನೆ, ಗ್ಲಾಸಿನ ಮೇಲೆ ಹಳೇ ಪೇಪರ್ ಅಂಟಿಸುತ್ತಾನೆ, ಗನ್ನು ಹಿಡಿದು ಸುಯ್ ಅಂತ ಹೊಡೆದು ಕಳಿಸುತ್ತಾನೆ.

ಅಂಟಿಸಿದ ಆ ಪೇಪರ್ ಯಾವುದು ಅಂತ ನೋಡಿದ್ದೀರಾ? ನಮ್ಮಂಥ ಸಂಜೆ ಪತ್ರಿಕೆಯೇ! ರದ್ದಿಗೆ ಹೋದ ಮೇಲೂ ಪತ್ರಿಕೆ ಲೋಕೋಪಯೋಗಿ ಆಯಿತಲ್ಲ ಅಂತ ನಾವು ಬೀಗಬಹುದಿತ್ತು. ಆದರೆ ಈ ಒಂದು ಕೆಲಸಕ್ಕೆ ನಮ್ಮ ಹಾಳೆ ಬಳಕೆಯಾಗದೆ ಇದ್ದರೇ ಊರಿಗೆ ಒಳ್ಳೆಯದು.

ನಮ್ಮ ವಾದ ಇಷ್ಟೆ. ಗಾಡಿಗೆ ಪೂರ್ತಿ ಬಣ್ಣ ಹೊಡೆಸುವುದಾದರೆ ಗ್ಲಾಸು, ಅದರ ಸುತ್ತಲ ರಬ್ಬರು, ಬೀಡಿಂಗು, ಹೊಳೆಯುವ ಪಟ್ಟಿ, ವೈಪರು ಎಲ್ಲವನ್ನೂ ಬಿಚ್ಚಿಯೇ ಹೊಡೆಸಬೇಕು. ಇದು ಕಾರಿನ ಶೋಕಿದಾರರ ಹುಚ್ಚು ಅಂತ ತಳ್ಳಿಹಾಕಬೇಡಿ. ಓಮ್ನಿಯಲ್ಲಿ ಸರಕು ತರುವ ಅಂಗಡಿಯವರ ಜೇಬಿನ ಪ್ರಶ್ನೆ ಇದು. ತೀರ್ಥಹಳ್ಳಿ, ಹೊಸನಗರದ ಬಸ್ಸಿನಲ್ಲಿ ಮಳೆಗಾಲದಲ್ಲಿ ಓಡಾಡುವವರ ಜೀವದ ಪ್ರಶ್ನೆಯೂ ಹೌದು.

ರಬ್ಬರಿನ ಕೆಳಗೆ ಏನಿದೆ?

ಹಳೇ ಅಂಬಾಸಿಡರ್, ಮಾರುತಿ 800, ಓಮ್ನಿ ಇವುಗಳ ಮುಂದಿನ ಗ್ಲಾಸು ನಿಂತಿರುವುದು ರಬ್ಬರಿನಲ್ಲಿ. ರಬ್ಬರಿಗೆ ಎರಡು ಗಾಡಿ. ಅಂದರೆ ಎರಡು ಸೀಳು. ಒಂದರಲ್ಲಿ ಗ್ಲಾಸಿನ ಅಂಚು ಕೂತಿರುತ್ತದೆ, ಇನ್ನೊಂದು ಬಾಡಿಯ ತಗಡಿನ ತುಟಿಯನ್ನು ಕಚ್ಚಿಕೊಂಡಿರುತ್ತದೆ. ರಬ್ಬರು ಮೆತ್ತಗಿರುವ ತನಕ ನೀರು ಒಳಗೆ ಬಾರದು. ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಗಟ್ಟಿಯಾಯಿತೋ, ಸಂದಿಯಲ್ಲಿ ನೀರು, ಧೂಳು ಸೇರುತ್ತವೆ. ಒಳಗೆ ಹೋದ ನೀರು ಬೇಗ ಆರುವುದಿಲ್ಲ. ತಗಡಿನ ತುಟಿಗೆ ತುಕ್ಕು ಹಿಡಿಯುವುದು ಅಲ್ಲೇ, ಕಣ್ಣಿಗೆ ಕಾಣದ ಜಾಗದಲ್ಲಿ.

ಈಗ ಅದರ ಮೇಲೆ ಟೇಪು ಹಚ್ಚಿ ಬಣ್ಣ ಹೊಡೆದರೆ ಏನಾಗುತ್ತದೆ? ತುಕ್ಕು ತುಕ್ಕಾಗಿಯೇ ಉಳಿಯುತ್ತದೆ. ಮೇಲಿನ ಬಣ್ಣ ರಬ್ಬರಿನ ಅಂಚಿಗೆ ಬಂದು ನಿಲ್ಲುತ್ತದೆ. ಗಾಡಿ ಅಲುಗಿದಾಗಲೆಲ್ಲ ರಬ್ಬರು ಅಲುಗುತ್ತದೆ, ಬಣ್ಣ ಅಲುಗುವುದಿಲ್ಲ. ಆ ಗೆರೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಬಣ್ಣದ ಅಡಿಗೆ ಹರಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ತುಕ್ಕು ಉಬ್ಬಿ ಗ್ಲಾಸಿನ ಅಂಚನ್ನು ಒತ್ತಿದರೆ ಒಂದು ದಿನ ಕಲ್ಲೂ ಬೀಳದೆ, ಏನೂ ತಾಗದೆ, ಮೂಲೆಯಿಂದ ಗ್ಲಾಸು ಬಿರುಕು ಬಿಡುತ್ತದೆ. "ದೃಷ್ಟಿ ತಾಗಿತು" ಅಂತ ನಿಂಬೆಹಣ್ಣು ಕಟ್ಟುತ್ತೇವೆ. ತಾಗಿದ್ದು ದೃಷ್ಟಿ ಅಲ್ಲ ಸ್ವಾಮಿ, ತುಕ್ಕು.

ತುಕ್ಕೇ ಹಿಡಿಯದ ಕಾರಿನ ಕಥೆ

ಇದಕ್ಕೆ ದೂರದ ಒಂದು ದೃಷ್ಟಾಂತ ಕೊಡುತ್ತೇವೆ. ಅಮೆರಿಕದಲ್ಲಿ ಷೆವರ್ಲೆ ಕಂಪನಿಯ ಕಾರ್ವೆಟ್ ಅಂತ ಒಂದು ಸ್ಪೋರ್ಟ್ಸ್ ಕಾರು. ಶುರುವಾದದ್ದು 1953ರಲ್ಲಿ. ಮೊದಲ ವರ್ಷ ತಯಾರಾದದ್ದು ಬರೀ 300 ಕಾರು. ಅದರ ವಿಶೇಷ ಏನೆಂದರೆ ಹೊರಮೈ ತಗಡಿನದಲ್ಲ, ಫೈಬರ್ ಗ್ಲಾಸು. ತಗಡೇ ಇಲ್ಲದ ಮೇಲೆ ತುಕ್ಕೆಲ್ಲಿಂದ ಬಂತು ಅಂತ ಕೊಂಡವರೆಲ್ಲ ನೆಮ್ಮದಿಯಿಂದ ಇದ್ದರು.

ಆದರೆ 1968ರಿಂದ 1982ರ ತನಕ ಬಂದ ಕಾರ್ವೆಟ್‌ಗಳನ್ನು ರಿಪೇರಿ ಮಾಡುವವರನ್ನು ಕೇಳಿ. ಫೈಬರ್ ಮೈಯ ಒಳಗೆ ಗ್ಲಾಸು, ಬಾಗಿಲು ಇವನ್ನು ಹೊರುವುದಕ್ಕೆ ಒಂದು ಉಕ್ಕಿನ ಚೌಕಟ್ಟು ಇದೆ. ಅದಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು "ಹಕ್ಕಿ ಪಂಜರ". ಮುಂದಿನ ಗ್ಲಾಸಿನ ಸುತ್ತ ಇಳಿದ ನೀರು ನೇರವಾಗಿ ಈ ಪಂಜರದ ಮೇಲೆ ಕೂರುತ್ತದೆ. ಗ್ಲಾಸಿನ ಕೆಳಮೂಲೆಯಲ್ಲಿ ತುಕ್ಕು ಶುರು, ಆಮೇಲೆ ಬಾಗಿಲಿನ ಕಂಬದೊಳಗೆ ಇಳಿದು ಬುಡದ ತನಕ. ಹೊರಗಿನಿಂದ ನೋಡಿದರೆ ಕಾರು ಮುತ್ತಿನಂತಿದೆ. ಒಳಗೆ ಪಂಜರ ತೂತು!

ಇದು ಗೊತ್ತಾಗುವುದು ಯಾವಾಗ? ಪುನಃ ಬಣ್ಣ ಹೊಡೆಯಲು ಗ್ಲಾಸಿನ ಸುತ್ತಲ ಸ್ಟೀಲ್ ಪಟ್ಟಿ ಬಿಚ್ಚಿದಾಗ ಮಾತ್ರ. ಆ ಪಟ್ಟಿಗಳನ್ನು ಹಿಡಿದಿರುವುದು ಒಳಗಿನ ಸಣ್ಣ ಕ್ಲಿಪ್ಪುಗಳು. ಕ್ಲಿಪ್ಪು ಬಿಡಿಸುವುದಕ್ಕೆ ಅಂತಲೇ ಚಪ್ಪಟೆಯಾದ, ತುದಿಯಲ್ಲಿ ಕೊಕ್ಕೆ ಇರುವ ಉಪಕರಣ ಇದೆ. ಅದನ್ನು ಪಟ್ಟಿಯ ಅಡಿಗೆ ಜಾರಿಸಿ, ಕ್ಲಿಪ್ಪಿಗೆ ಸಿಕ್ಕಿಸಿ, ಮೆಲ್ಲಗೆ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಪಟ್ಟಿ ಬಾಗುತ್ತದೆ, ಮತ್ತೆ ಎಂದೂ ನೆಟ್ಟಗಾಗುವುದಿಲ್ಲ. ಗ್ಲಾಸಿನ ಅಂಚೂ ಚಕ್ಕೆ ಏಳುತ್ತದೆ. ಗ್ಲಾಸನ್ನು ಅಂಟಿನಿಂದ ಕೂರಿಸಿರುವುದರಿಂದ ಪಿಯಾನೋದ ತಂತಿಯಂಥ ಸಣ್ಣ ಉಕ್ಕಿನ ತಂತಿಯನ್ನು ಅಂಟಿನ ಮೂಲಕ ಆಚೆ ಈಚೆ ಎಳೆದು ಕೊಯ್ಯುತ್ತಾರೆ. ಬೆಣ್ಣೆಯನ್ನು ದಾರದಿಂದ ಕೊಯ್ದ ಹಾಗೆ.

ಅಲ್ಲಿ ಹಳೇ ಕಾರ್ವೆಟ್ ಕೊಳ್ಳುವ ಜಾಣರು ಮೊದಲು ಎಂಜಿನ್ ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ. ಗ್ಲಾಸಿನ ಚೌಕಟ್ಟು ನೋಡುತ್ತಾರೆ. ಪಟ್ಟಿ ಬಿಚ್ಚದೆ ಬಣ್ಣ ಹೊಡೆದ ಕಾರಿಗೆ ಅವರ ಕಣ್ಣಲ್ಲಿ ಕಿಮ್ಮತ್ತು ಕಮ್ಮಿ.

ನಮಗೇನು ಸಂಬಂಧ ಅಂತೀರಾ? ನಮ್ಮ ರಾಜ್ಯದಲ್ಲೇ ಫೈಬರ್ ಗ್ಲಾಸಿನ ಕಾರು ತಯಾರಾಗಿತ್ತು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಅನ್ನುವ ಪುಟ್ಟ ಕಾರು ತಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಅದರ ಮೈಗೂ ತುಕ್ಕಿಲ್ಲ, ಆದರೆ ಕೆಳಗಿನ ಚಾಸಿಸ್ ಉಕ್ಕಿನದೇ. ನೀತಿ ಒಂದೇ: ಮೈ ಯಾವುದರದ್ದಾದರೂ ಆಗಲಿ, ನೀರು ಸೇರುವ ಸಂದಿಯನ್ನು ಬಿಚ್ಚಿ ನೋಡದವನಿಗೆ ಗಾಡಿಯ ಆರೋಗ್ಯ ಗೊತ್ತಾಗದು. ಬಂಗಾರದ ಬೆಲೆಯ ಸ್ಪೋರ್ಟ್ಸ್ ಕಾರಿಗೇ ಈ ಗತಿಯಾದರೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ ಓಡುವ ನಮ್ಮ ತಗಡಿನ ಗಾಡಿಗಳ ಪಾಡೇನು?

ಬಿಚ್ಚುವುದು ಹೇಗೆ?

"ಬಿಚ್ಚಿದರೆ ಗ್ಲಾಸು ಒಡೆಯುತ್ತದೆ ಸಾರ್" ಅನ್ನುವುದು ಗ್ಯಾರೇಜಿನವರ ಮೊದಲ ಮಾತು. ಅವಸರ ಮಾಡಿದರೆ ಒಡೆಯುತ್ತದೆ, ನಿಜ. ಕ್ರಮ ತಿಳಿದು ಮಾಡಿದರೆ ಒಡೆಯುವುದು ಅಪರೂಪ.

ಮೊದಲು ವೈಪರ್ ತೋಳು, ಒಳಗಿನ ಕನ್ನಡಿ ತೆಗೆಯಬೇಕು. ರಬ್ಬರಿನ ನಡುವೆ ಹೊಳೆಯುವ ಬೀಡಿಂಗ್ ಪಟ್ಟಿ ಇದ್ದರೆ ಅದನ್ನು ಜೋಡಣೆಯ ಕಡೆಯಿಂದ ನಿಧಾನವಾಗಿ ಎಳೆಯಬೇಕು. ಅದು ಹೋದರೆ ರಬ್ಬರು ಸಡಿಲ. ಆಮೇಲೆ ಒಳಗಿನಿಂದ ರಬ್ಬರಿನ ತುಟಿಯನ್ನು ಮೊಂಡು ತುದಿಯ ಸಲಕರಣೆಯಿಂದ ತಗಡಿನ ಮೇಲಿಂದ ಎಬ್ಬಿಸುತ್ತಾ ಹೋಗಬೇಕು. ಚೂಪು ಬೇಡ. ಮೇಲಿನ ಒಂದು ಮೂಲೆಯಿಂದ ಶುರುಮಾಡಿ ಅಂಗೈಯಲ್ಲಿ ಒಂದೇ ಸಮ ಒತ್ತಬೇಕು, ಗುದ್ದಬಾರದು. ಹೊರಗೆ ಒಬ್ಬ ಗ್ಲಾಸು ಹಿಡಿದುಕೊಳ್ಳಲು ನಿಂತಿರಲೇಬೇಕು. ರಬ್ಬರು ಒಣಗಿ ಕಲ್ಲಾಗಿದೆಯೇ? ಅದರ ಮೋಹ ಬಿಡಿ. ಬ್ಲೇಡಿನಿಂದ ರಬ್ಬರನ್ನು ಕೊಯ್ದುಹಾಕಿ ಗ್ಲಾಸು ಉಳಿಸಿಕೊಳ್ಳಿ. ಹೊಸ ರಬ್ಬರಿಗೆ ಕೊಡುವ ದುಡ್ಡು ಹೊಸ ಗ್ಲಾಸಿಗಿಂತ ಕಡಿಮೆಯೇ.

ಮತ್ತೆ ಕೂರಿಸುವುದಕ್ಕೆ ಒಂದು ಹಳೇ ಉಪಾಯ ಇದೆ. ರಬ್ಬರನ್ನು ಮೊದಲು ಗ್ಲಾಸಿಗೆ ತೊಡಿಸಿ, ತಗಡು ಕೂರುವ ಸೀಳಿನ ಸುತ್ತ ನೈಲಾನ್ ಹಗ್ಗ ಸುತ್ತಿ, ಎರಡು ತುದಿಯನ್ನೂ ಕಾರಿನ ಒಳಗೆ ಬಿಡುತ್ತಾರೆ. ಸೋಪಿನ ನೀರು ಸವರುತ್ತಾರೆ. ಹೊರಗಿನವನು ಗ್ಲಾಸು ಒತ್ತುತ್ತಾ ಇರಬೇಕು, ಒಳಗಿನವನು ಹಗ್ಗ ಎಳೆಯುತ್ತಾ ಹೋಗಬೇಕು. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ. ನೋಡುವುದಕ್ಕೇ ಚಂದ. ನಮ್ಮಲ್ಲೂ ಹಳೇ ಕೈಗಳು ಇದನ್ನು ಬಲ್ಲವು.

ಇನ್ನೊಂದು ಎಚ್ಚರಿಕೆ. ಮುಂದಿನ ಗ್ಲಾಸು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ. ಈ ಜಾತಿಯ ಗಾಜಿಗೆ ದಾರಿ ತೋರಿದವನು ಫ್ರಾನ್ಸಿನ ಬೆನೆಡಿಕ್ಟಸ್. 1903ರಲ್ಲಿ ಅವನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿದ್ದು ಬಿರುಕು ಬಿಟ್ಟರೂ ಚೂರಾಗಲಿಲ್ಲ. ಒಳಗೆ ಒಣಗಿದ್ದ ನೈಟ್ರೋಸೆಲ್ಯುಲೋಸ್ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಪೇಟೆಂಟ್ ಪಡೆದ. ತಮಾಷೆ ನೋಡಿ, 1920ರ ದಶಕದಲ್ಲಿ ಅದೇ ನೈಟ್ರೋಸೆಲ್ಯುಲೋಸಿನಿಂದ ಕಾರಿನ ಬಣ್ಣ ಬಂತು. ಇಂದಿಗೂ ನಾವು ಬಾಯಿತುಂಬ ಹೇಳುವ ಡ್ಯೂಕೋ ಅದೇ! ಗಾಜಿಗೂ ಬಣ್ಣಕ್ಕೂ ನಂಟು ಇವತ್ತಿನದಲ್ಲ. ಅದಿರಲಿ, ಎರಡು ಪದರದ ಗ್ಲಾಸು ತಿರುಚಿದರೆ ಬಿರುಕು ಬಿಡುತ್ತದೆ. ಪಕ್ಕದ, ಹಿಂದಿನ ಗ್ಲಾಸುಗಳು ಸಾಮಾನ್ಯವಾಗಿ ಕಾಯಿಸಿ ಗಟ್ಟಿಮಾಡಿದವು. ಅಂಚಿಗೆ ಸಣ್ಣ ಪೆಟ್ಟು ಬಿದ್ದರೂ ಇಡೀ ಗ್ಲಾಸು ಕಲ್ಲುಸಕ್ಕರೆಯ ಹಾಗೆ ಉದುರುತ್ತದೆ. ಬಿಚ್ಚಿದ ಗ್ಲಾಸನ್ನು ಸಿಮೆಂಟಿನ ನೆಲಕ್ಕೆ ಒರಗಿಸಬೇಡಿ, ಕೆಳಗೆ ಗೋಣಿಚೀಲ ಹಾಕಿ.

ಅಂಟಿನ ಗ್ಲಾಸು, ಅಸಲು ಅಪಾಯ

ಈಗಿನ ಹೊಸ ಕಾರುಗಳಲ್ಲಿ ಮುಂದಿನ ಗ್ಲಾಸಿಗೆ ರಬ್ಬರಿನ ಹಿಡಿತ ಇಲ್ಲ. ಯುರಿಥೇನ್ ಅನ್ನುವ ಗಟ್ಟಿ ಅಂಟಿನಿಂದ ಬಾಡಿಗೇ ಬೆಸೆದಿರುತ್ತಾರೆ. ಅಲ್ಲಿ ಗ್ಲಾಸು ಬರೀ ಗಾಳಿ ತಡೆಯುವ ಪರದೆ ಅಲ್ಲ. ಕಾರು ಪಲ್ಟಿ ಹೊಡೆದರೆ ಮೇಲ್ಛಾವಣಿ ಕುಸಿಯದಂತೆ ಆಸರೆ ಕೊಡುವ ಗೋಡೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಡ್ರೈವರ್ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. 2021ರಲ್ಲಿ ಹೊಸ ಮಾದರಿಗಳಿಂದ ಮೊದಲುಮಾಡಿ ಪಕ್ಕದ ಸೀಟಿಗೂ ಕಡ್ಡಾಯವಾಯಿತು. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಮುಂದಿನ ಗ್ಲಾಸಿಗೇ ಆನಿಕೊಂಡು ನಿಲ್ಲುತ್ತದೆ. ಗ್ಲಾಸೇ ಕಿತ್ತುಹೋದರೆ ಏರ್‌ಬ್ಯಾಗ್ ಯಾರನ್ನು ಕಾಪಾಡೀತು?

ಆದ್ದರಿಂದ ಇಲ್ಲಿ ಬಿಚ್ಚುವುದಕ್ಕಿಂತ ಮತ್ತೆ ಕೂರಿಸುವುದು ದೊಡ್ಡ ಕೆಲಸ. ಅಂಟು ಹಿಡಿಯುವುದು ಬಣ್ಣವನ್ನು. ಬಣ್ಣ ಹಿಡಿಯಬೇಕಾದದ್ದು ತಗಡನ್ನು. ಅಡಿಯಲ್ಲಿ ತುಕ್ಕೋ ಪುಟ್ಟಿಯೋ ಹಸಿ ಬಣ್ಣವೋ ಇದ್ದರೆ ಅಂಟು ಎಷ್ಟೇ ಗಟ್ಟಿಯಿರಲಿ, ಬಣ್ಣದ ಸಮೇತ ಎದ್ದು ಬರುತ್ತದೆ. ಹಳೇ ಅಂಟನ್ನು ಪೂರ್ತಿ ಕೆರೆಯದೆ ಒಂದೆರಡು ಮಿಲಿಮೀಟರ್ ಬಿಟ್ಟು, ಅದರ ಮೇಲೆ ಹೊಸ ಅಂಟು ಎಳೆಯುವುದು ಸರಿಯಾದ ಕ್ರಮ. ತಗಡು ಬರಿದಾದ ಕಡೆ ಅದಕ್ಕೆ ತಕ್ಕ ಪ್ರೈಮರ್ ಹಾಕಬೇಕು. ಆಮೇಲೆ ಅಂಟಿನ ತಯಾರಕರು ಹೇಳಿದಷ್ಟು ಗಂಟೆ ಗಾಡಿ ಅಲುಗಿಸಬಾರದು. "ಸಾಯಂಕಾಲ ಮದುವೆಗೆ ಹೋಗಬೇಕು, ಕೊಡಪ್ಪ" ಅನ್ನುವವರಿಗೆ ಈ ಮಾತು.

ಬಸ್ಸಿನೊಳಗೆ ಛತ್ರಿ

ಕಾರಿನವರ ಮಾತು ಸಾಕು. ಬಸ್ಸಿಗೆ ಬರೋಣ. ಎಂಟು ವರ್ಷ ದಾಟಿದ ಬಸ್ಸು, ಲಾರಿಗಳು ವರ್ಷಾ ವರ್ಷಾ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಹತ್ತಿರ ಬಂತು ಅಂದರೆ ಬಣ್ಣ ಬಳಿಯುವ ಭರಾಟೆ. ಗ್ಲಾಸಿನ ರಬ್ಬರಿನ ಮೇಲೂ ಬಣ್ಣ, ಕಿಟಕಿಯ ಚೌಕಟ್ಟಿನ ಮೇಲೂ ಬಣ್ಣ. ಕೆಲವು ಬಸ್ಸುಗಳ ರಬ್ಬರಿನ ಮೇಲೆ ಕೂತಿರುವ ಬಣ್ಣದ ಪದರ ಎಣಿಸಿದರೆ ಬಸ್ಸಿನ ವಯಸ್ಸು ಹೇಳಬಹುದು, ಮರದ ಉಂಗುರ ಎಣಿಸಿದ ಹಾಗೆ!

ಬಣ್ಣ ಮೆತ್ತಿದ ರಬ್ಬರು ಬಾಗುವುದಿಲ್ಲ, ಸೀಳುತ್ತದೆ. ಆಷಾಢದ ಮಳೆಯಲ್ಲಿ ಮುಂದಿನ ಸೀಟಿನವರು ಬಸ್ಸಿನೊಳಗೇ ಛತ್ರಿ ಬಿಡಿಸಿ ಕೂರುವುದು ಇದರಿಂದಲೇ. ಒದ್ದೆಯಾದರೆ ಬಟ್ಟೆ ಒಣಗುತ್ತದೆ, ಬಿಡಿ. ಆದರೆ ಗ್ಲಾಸಿನ ಕೆಳಗೇ ವೈರಿಂಗು, ವೈಪರ್ ಮೋಟರು ಇರುತ್ತವಲ್ಲ? ಅಲ್ಲಿ ನೀರು ಇಳಿದು ಘಾಟಿಯ ನಡುವೆ ವೈಪರ್ ನಿಂತರೆ ಡ್ರೈವರ್ ದಾರಿ ನೋಡುವುದು ಹೇಗೆ? ಆಗ ಐವತ್ತು ಜನರ ಪ್ರಾಣ ಅವನ ಊಹೆಯ ಮೇಲೆ! ಎಫ್‌ಸಿ ಮಾಡುವ ಸಾಹೇಬರು ಹೊಸ ಬಣ್ಣದ ಹೊಳಪನ್ನು ನೋಡುವ ಬದಲು ಗ್ಲಾಸಿನ ಮೇಲೆ ಎರಡು ಕೊಡ ನೀರು ಹುಯ್ಯಿಸಿ, ಒಳಗೆ ಕೂತು ನೋಡಲಿ. ಖರ್ಚಿಲ್ಲದ ಪರೀಕ್ಷೆ.

ಪೇಂಟರ್ ಒಬ್ಬನದೇ ತಪ್ಪೇ?

ಅಲ್ಲ. ಇದನ್ನು ಒತ್ತಿ ಹೇಳಬೇಕು. ಗ್ಲಾಸು ಬಿಚ್ಚಿ ಹಾಕುವುದಕ್ಕೆ ಇಬ್ಬರು ಆಳು, ಹೆಚ್ಚಿನ ದಿನ ಬೇಕು. ಆ ಕೂಲಿಯನ್ನು ಗಿರಾಕಿ ಕೊಡುವುದಿಲ್ಲ. ಒಡೆದರೆ ಮಾತ್ರ ಗ್ಲಾಸಿನ ಪೂರ್ತಿ ಬೆಲೆ ಪೇಂಟರ್ ತಲೆಗೆ. ಕೂಲಿ ಇಲ್ಲದ, ನಷ್ಟ ಮಾತ್ರ ತನ್ನದಾದ ಕೆಲಸವನ್ನು ಯಾವನು ಮಾಡುತ್ತಾನೆ? ಅಂಗಡಿ ನಡೆಸುವ ನಿಮಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಅವನ ಪಾಡನ್ನೂ ನೋಡಿ. ಮಳೆ ಬರುವಾಗ ತೇವದ ಗಾಳಿಯಲ್ಲಿ ಹೊಡೆದ ಡ್ಯೂಕೋ ಬಣ್ಣ ಬೂಸ್ಟು ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಗಿರಾಕಿ ಬೈಯುವುದು ಅವನನ್ನೇ. ಗಟ್ಟಿಕಾರಕ ಬೆರೆಸಿ ಹೊಡೆಯುವ ಈಗಿನ ಬಣ್ಣಗಳಲ್ಲಿ ಐಸೋಸಯನೇಟ್ ಅನ್ನುವ ವಿಷವಸ್ತು ಇದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹೊಡೆಯುವ ಹುಡುಗರಿಗೆ ಇದು ಯಾರು ಹೇಳಿದ್ದಾರೆ? ತಕ್ಕ ಮುಖವಾಡ ಕೊಡಿಸುವುದು ಗ್ಯಾರೇಜು ಮಾಲೀಕರ ಧರ್ಮ.

ಎಲ್ಲದಕ್ಕೂ ಗ್ಲಾಸು ಬಿಚ್ಚಿ ಅಂತಲೂ ನಾವು ಹೇಳುವುದಿಲ್ಲ. ಬಾಗಿಲಿಗೆ ಒಂದು ಗೀರು ಬಿತ್ತು, ಬಂಪರಿಗೆ ತಾಗಿತು ಅಂದರೆ ಟೇಪು ಹಚ್ಚಿದರೆ ಸಾಕು. ಅಂಟಿನ ಗ್ಲಾಸು ಗಟ್ಟಿಯಾಗಿದ್ದು, ಸುತ್ತ ತುಕ್ಕಿಲ್ಲದಿದ್ದರೆ ಅದೇ ಬಣ್ಣದ ಸಣ್ಣ ಕೆಲಸಕ್ಕೆ ಅದನ್ನು ಕೆದಕುವುದೇ ತಪ್ಪು. ಆದರೆ ಪೂರ್ತಿ ಬಣ್ಣ ಹೊಡೆಸುವಾಗ, ಬಣ್ಣವನ್ನೇ ಬದಲಿಸುವಾಗ, ಅಂಚಿನಲ್ಲಿ ಗುಳ್ಳೆ ಕಂಡಾಗ ಬೇರೆ ದಾರಿ ಇಲ್ಲ. ಬಣ್ಣ ಬದಲಿಸಿದರೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಬರೆಸುವುದನ್ನೂ ಮರೆಯಬೇಡಿ.

ಮಾಡಬೇಕಾದದ್ದು ಇಷ್ಟು

ಗಿರಾಕಿಗಳೇ, ಗಾಡಿ ಬಿಡುವ ಮುಂಚೆ ಒಂದು ಚೀಟಿ ಬರೆಸಿಕೊಳ್ಳಿ. ಗ್ಲಾಸು ಬಿಚ್ಚುವ ಕೂಲಿ ಎಷ್ಟು, ಹೊಸ ರಬ್ಬರಿಗೆ ಎಷ್ಟು, ಎಷ್ಟು ದಿನ ಬೇಕು, ಒಡೆದರೆ ನಷ್ಟ ಹೇಗೆ ಹಂಚಿಕೊಳ್ಳುವುದು, ಎಲ್ಲ ಅದರಲ್ಲಿರಲಿ. ಹಳೇ ಗ್ಲಾಸಿನಲ್ಲಿ ಮೊದಲೇ ಬಿರುಕಿದ್ದರೆ ಇಬ್ಬರೂ ನೋಡಿ ಬರೆದುಕೊಳ್ಳಿ. ಗ್ಲಾಸು ತೆಗೆದ ಮೇಲೆ, ಬಣ್ಣ ಹೊಡೆಯುವ ಮೊದಲು, ಒಂದು ಸಲ ಹೋಗಿ ತಗಡಿನ ತುಟಿಯನ್ನು ಕಣ್ಣಾರೆ ನೋಡಿ. ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ನಾಳೆ ಗಾಡಿ ಮಾರುವಾಗ ಅದೇ ನಿಮ್ಮ ಸಾಕ್ಷಿ.

ಗ್ಯಾರೇಜಿನವರೇ, ಬಿಚ್ಚಿದ ಕ್ಲಿಪ್ಪು, ಸ್ಕ್ರೂ, ಬೀಡಿಂಗನ್ನು ಗಾಡಿಯ ನಂಬರ್ ಬರೆದ ಡಬ್ಬದಲ್ಲಿ ಹಾಕಿ. ಒಬ್ಬರ ಕ್ಲಿಪ್ಪು ಇನ್ನೊಬ್ಬರಿಗೆ, ಸಿಗದಿದ್ದರೆ ಫೆವಿಕ್ವಿಕ್ ಅನ್ನುವ ಪದ್ಧತಿ ನಿಲ್ಲಲಿ. ಬಿಚ್ಚಿ ಮಾಡುವ ದರ, ಬಿಚ್ಚದೆ ಮಾಡುವ ದರ ಎರಡನ್ನೂ ಬೋರ್ಡಿನಲ್ಲಿ ಬರೆದು ಹಾಕಿ. ಆಗ ಕಡಿಮೆ ದರದ ಕೆಲಸ ಯಾಕೆ ಕಡಿಮೆ ಅಂತ ಗಿರಾಕಿಗೂ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಒಂದು ಗುಟ್ಟು. ಹಳೇ ಬಸ್ ಪಾಸೋ ಎಟಿಎಂ ಕಾರ್ಡೋ ತೆಗೆದುಕೊಂಡು ಗ್ಲಾಸಿನ ರಬ್ಬರಿನ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಅಡಿಯಲ್ಲಿ ಬೇರೆ ಬಣ್ಣದ ಗೆರೆ ಕಂಡರೆ ಗಾಡಿಗೆ ಟೇಪು ಹಚ್ಚಿ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ. ಕಂದು ಪುಡಿ ಉದುರಿದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ನಮಸ್ಕಾರ ಹೇಳಿ ಹೊರಡಿ. "ಒಂದೇ ಕೈ ಓಡಿಸಿದ ಗಾಡಿ, ಡಾಕ್ಟರ್ ಗಾಡಿ" ಅನ್ನುವ ಬ್ರೋಕರ್ ಮಾತಿಗಿಂತ ಆ ಪುಡಿ ಸತ್ಯ ಹೇಳುತ್ತದೆ.

ಹಬ್ಬಕ್ಕೆ ಇನ್ನೂ ದಿನ ಇದೆ. ಬಣ್ಣ ಹೊಡೆಸುವವರು ಈ ವಾರವೇ ಗಾಡಿ ಬಿಡಿ, ಕೆಲಸದವನಿಗೆ ನ್ಯಾಯವಾದ ಕೂಲಿ ಕೊಡಿ, ದಿನ ಕೊಡಿ. ಅಷ್ಟು ಆಗದಿದ್ದರೆ ಗಾಡಿಯನ್ನು ಚೆನ್ನಾಗಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಹಳೇ ಬಣ್ಣದಲ್ಲೇ ಪೂಜೆ ಮಾಡಿ. ತುಕ್ಕಿನ ಮೇಲೆ ಹೊಸ ಬಣ್ಣ ಬಳಿದು ಮಾಡುವ ಪೂಜೆಗಿಂತ ಅದು ಎಷ್ಟೋ ಮೇಲು.